ಕೀಲಿನ ಮೊಕದ್ದಮೆ

ಮ್ಯಾನ್‌ಹೈಮಿನ ಕೋರ್ಟಿನಲ್ಲಿ ಮೂರು ದಿನ
ಒಂದು ಕ್ರಿಯಾಪದದ ಜಗಳ.
ಕಾರು ಗುದ್ದಿದ ಗಳಿಗೆಯಲ್ಲಿ ಬ್ರೇಕಿನ ಪೆಡಲು
ಕಳಚಿಕೊಳ್ಳುತ್ತದೆಯೋ, ಕುಸಿಯುತ್ತದೆಯೋ?

ಅವರ ಕಡೆಯ ವಕೀಲೆ, ಎಳೇ ಹುಡುಗಿ, ಕರಿ ಗೌನು,
ನೀರು ಕುಡಿದು ಹಾಳೆ ತಿರುವಿದಳು:
‘ಅರ್ಜಿದಾರರ ಮೊಳೆ ಮುರಿಯುತ್ತದೆ.
ನಮ್ಮ ತೋಳು ಬರೀ ಪಕ್ಕಕ್ಕೆ ಸರಿಯುತ್ತದೆ.
ಮುರಿಯುವುದು ಬೇರೆ, ಸರಿಯುವುದು ಬೇರೆ.’

ಮೂರನೇ ಬೆಂಚಿನ ತುದಿಯಲ್ಲಿ ನಾನು,
ಮಡಿಲಲ್ಲಿ ಊರುಗೋಲು.
ಕಡತದ ತುಂಬ ಕೀಲು, ಕೀಲು, ಕೀಲು ಎಂದಿದೆ.
ಎಲ್ಲವೂ ಪೆಡಲಿನವು.
ನನ್ನದನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ:
ಹಾಗನ್ ದಾಟಿದ ಮೇಲೆ, ನವೆಂಬರಿನ ಮಂಜು,
ಬೀಟ್‌ಗೆಡ್ಡೆ ತುಂಬಿದ ಟ್ರೇಲರು ಅಡ್ಡ ನಿಂತಿತ್ತು.
ಒತ್ತಿದೆ. ಯಾರಾದರೂ ಒತ್ತುತ್ತಾರೆ.
ಕರೆಯದ ನೆಂಟನಂತೆ ಎಂಜಿನ್ನು ಒಳಗೇ ಬಂತು,
ಪೆಡಲು ಮಾತ್ರ ಒಂದಂಗುಲ ಬಿಟ್ಟುಕೊಡಲಿಲ್ಲ.
ಇಬ್ಬರಲ್ಲಿ ಒಬ್ಬರು ಮಣಿಯಬೇಕಿತ್ತು;
ನಾನು ಮಣಿದೆ.
ಹನ್ನೊಂದು ಚೂರು.

ಆಸ್ಪತ್ರೆಯಲ್ಲಿ ಎಗ್ಬರ್ಟ್ ನನ್ನ ಎಕ್ಸ್‌ರೇಯನ್ನು
ಕಿಟಕಿಯ ಬೆಳಕಿಗೆ ಹಿಡಿದು ನಿಂತ.
ಅಳಲಿಲ್ಲ.
ಅಳೆದ.

ಆಮೇಲೆ ಆರು ಚಳಿಗಾಲ ನೆಲಮಾಳಿಗೆಯಲ್ಲಿ
ಲೇತು, ಅರ, ಮೆತ್ತನೆ ಅಲ್ಯೂಮಿನಿಯಂ ಮೊಳೆ,
ನನ್ನ ಹಳೇ ಬೂಟಿಗೆ ಮರಳು ತುಂಬಿ
ಮೇಲಿಂದ ಮೇಲೆ ಸುತ್ತಿಗೆ.
ಸೂಪು ಆರುತ್ತದೆ ಬಾ ಎಂದರೆ ಕೆಳಗಿನಿಂದ ಕೂಗು:
‘ಒತ್ತುವವರೆಗೆ ಗಟ್ಟಿ, ಟ್ರೌಡೆ!
ಅದರಾಚೆ ಒಂದು ಕೂದಲಷ್ಟೂ ಬೇಡ.’
ಗಂಡಸರಿಗೂ ಇಂಥ ಮೊಳೆ ಇದ್ದಿದ್ದರೆ
ಅಂದುಕೊಂಡು ನಾನೇ ಸೂಪು ಕುಡಿದೆ.

ತೀರ್ಪಿಗೆ ನಾಲ್ಕು ನಿಮಿಷ ಸಾಕಾಯಿತು.
ನ್ಯಾಯಾಧೀಶರು ಪೆಡಲನ್ನು ಅಂಗೈಯಲ್ಲಿ ಒಮ್ಮೆ ಒತ್ತಿ
ರಟ್ಟಿನ ಡಬ್ಬಿಗೆ ಹಿಂತಿರುಗಿಸಿದರು.
ಸರಿಯುವುದು ಮುರಿಯುವುದಲ್ಲ.
ಎರಡೂ ಕಡೆಯ ಖರ್ಚು ನಮ್ಮದು.

ಬಾಡಿಗೆ ಕಾರಿನಲ್ಲಿ ಊರ ಕಡೆ. ಸ್ಟಿಯರಿಂಗಿಗೆ ಮಗಳು ಸ್ವೆನ್ಯಾ.
ಕೊಟ್ಟದ್ದೇ ಹೊಸ ಮಾಡೆಲು, ಬೇರೆ ಇರಲಿಲ್ಲವಂತೆ;
ಡ್ಯಾಶಿನಡಿ ಕತ್ತಲಲ್ಲಿ
ಪಕ್ಕಕ್ಕೆ ಸರಿಯುವ ಅದೇ ತೋಳು.
ಎಗ್ಬರ್ಟ್ ಇಡೀ ದಾರಿ ರಸ್ತೆ ನೋಡಲಿಲ್ಲ,
ಅವಳ ಬಲಗಾಲಿನ ಕೆಂಪು ಶೂ ನೋಡುತ್ತಿದ್ದ.

ಸೀಗನ್ ಆದ ಮೇಲಿನ ಇಳಿಜಾರು.
ಮುಂದೆ ಸಾಲು ಸಾಲು ಕೆಂಪು ದೀಪ.
ಅವಳು ಒತ್ತಿದಳು.
ಕಾರು ನಿಂತಿತು.
ಮುಂದಿನ ಸೀಟಿನಿಂದ ಬಹಳ ಹೊತ್ತಿನ ಮೇಲೆ ಮಾತು ಬಂತು:
‘ಚೆನ್ನಾಗಿ ಮಾಡಿದ್ದಾರೆ,
ಕಳ್ಳರು.’