ಬಡಿದು ನೋಡುವುದು

ಮೇ ಬಂದರೂ ನ್ಯೂಫೌಂಡ್‌ಲ್ಯಾಂಡಿನ ಕೊಲ್ಲಿಯಲ್ಲಿ ಮಂಜುಗಡ್ಡೆ.
ದಿಮ್ಮಿಗಳ ಮೇಲೆ ಕೂತಿದೆ ಆಂಬ್ರೋಸನ ದೋಣಿ,
ಮೂವತ್ತೆಂಟು ವರ್ಷದ ಫೈಬರ್ ಮೈಗೆ
ಮೊನ್ನೆ ಮೊನ್ನೆಯ ನೀಲಿ ಬಣ್ಣ.

"ಕಲ್ಲು ಇದ್ದ ಹಾಗಿದೆ," ಅಂದ.
ಡಾರ್ಕಸ್ ಮಾತಾಡಲಿಲ್ಲ. ಜೇಬಿಂದ
ಪುಟ್ಟ ಸುತ್ತಿಗೆ ತೆಗೆದು ಮೂತಿಯಿಂದ ಶುರುಮಾಡಿದಳು,
ಮಡಕೆ ಕೊಳ್ಳುವವಳಂತೆ ಕಿವಿಯೊಡ್ಡಿ.
ಟಣ್. ಟಣ್. ಟಣ್.
ಹೊಟ್ಟೆಯಡಿ ಹೆಬ್ಬೆರಳು ಸವರಿ
ಬೊಬ್ಬೆಗಳನ್ನೆಣಿಸಿದಳು: ಹನ್ನೊಂದು.
ಡೆಕ್ಕಿಗೆ ಹತ್ತಿ ಹಿಮ್ಮಡಿಯೂರಿ ನಡೆದಳು;
ಒಂದು ಕಡೆ ಅದು ನೆನೆದ ರೊಟ್ಟಿ.

ಹಿಂಬದಿಗೆ ಬಂದಾಗ, ಎಂಜಿನ್ ತೂಗುವ ಜಾಗ,
ಆಂಬ್ರೋಸನಿಗೆ ಕೆಮ್ಮು.
ಸುತ್ತಿಗೆ ತಡೆದು ಕಾದಳು. ಕೆಮ್ಮು ನಿಂತಿತು.
ಎತ್ತಿದಳು. ಮತ್ತೆ ಕೆಮ್ಮು.

ಮೂರನೇ ಸಲ ಅವನೇ ಟೊಪ್ಪಿ ತೆಗೆದು
ನೀರಿನ ಕಡೆ ನೋಡುತ್ತ ಹೇಳಿದ:
"ಹೊಡಿಯಮ್ಮ."

ಬದ್.

ಒಳಗಿನ ಪ್ಲೈವುಡ್ಡು ಎಂದೋ ಅಂಬಲಿಯಾಗಿತ್ತು.
ಎಷ್ಟು ವರ್ಷವಾಯಿತು ಅಂತ ಅವಳು ಕೇಳಲಿಲ್ಲ.
ಹೋದ ಅಕ್ಟೋಬರಿನವರೆಗೂ ಅವನು
ಅದರಲ್ಲೇ, ಒಬ್ಬನೇ,
ಗಡ್ಡೆಗಳಾಚೆ ಕಾಡ್ ಮೀನಿಗೆ ಹೋಗಿಬರುತ್ತಿದ್ದ.

ಬೆಲೆ ಅರ್ಧಕ್ಕಿಳಿಯಿತು, ಯಾರೂ ಕೇಳದೆ.
ಡಾರ್ಕಸ್ ಸುತ್ತಿಗೆಯನ್ನು ಕೋಟಿಗೆ ಒರೆಸಿದಳು.
ಅಲ್ಲಿ ಮಾತ್ರ
ಬಣ್ಣ ಇನ್ನೂ ಹಸಿ.