ತಗ್ಗು ತೆಗೆಯುವವನ ವಹಿ

ಗುರುಶಾಂತ ತೀರಿದ ಮೂರನೇ ದಿನ
ಪೇಪರಿನವರು ಬಂದಿದ್ದರು ನನ್ನ ಅಂಗಡಿಗೆ.
ಹಾಡಿನ ಸುದ್ದಿ ನನಗ ಗೊತ್ತಿಲ್ಲ, ಅಂದೆ.
ಅವನ ಟ್ರಂಬೋನಿನ ಒಂದೊಂದು ತಗ್ಗೂ ಗೊತ್ತು.
ನಲವತ್ತು ವರ್ಷ ಇದೇ ಕಟಗಿ ಸುತ್ತಿಗಿಲೆ,
ಒಳಗ ಉಕ್ಕಿನ ಗುಂಡು ಬಿಟ್ಟು
ಸವರಿ ಸವರಿ ಎಬ್ಬಿಸೇನಿ.

ಮೊದಲನೇ ತಗ್ಗು ಅವನದಲ್ಲ, ಅವರಪ್ಪ ಶಿವಲಿಂಗ ಮಾಸ್ತರಂದು.
ಅಕ್ಕಲಕೋಟ ನಾಕಾದ ಹತ್ರ, ಮದುವಿ ಮೆರವಣಿಗಿ,
ಪಟಾಕಿಗೆ ಬೆದರಿ ವರನ ಕುದರಿ ಒದೀತು.
ವರ ಉಳಕೊಂಡ. ಹಿತ್ತಾಳಿ ಕುಸದ ಹೋತು.
ಹೆಗಲ ಮ್ಯಾಲೆ ಹೊತ್ತು ತಂದಾಂವ ಈ ಗುರುಶಾಂತ,
ಹನ್ನೆರಡು ವರ್ಷ, ಬ್ಯಾಂಡಿನ ಕೆಂಪು ಕೋಟು ಮೊಣಕಾಲ ತನಕ.
ರಿಪೇರಿ ಮುಗಿಯೋ ತನಕ ಕಟ್ಟಿ ಮ್ಯಾಲೆ ಕೂತು
ಖಾಲಿ ಕೈ ಎಳದ, ದೂಡಿದ, ಎಳದ.
ಏನೋ ಇದು, ಅಂದ್ರ,
"ಪೇಟಿಗೆ ಪಟ್ಟಿ ಅದಾವ, ಕ್ಲಾರ್ನೆಟ್ಟಿಗೆ ತೂತು ಅದಾವ,
ಇದಕ್ಕ ಏನೂ ಇಲ್ಲ ಕಾಕಾ.
ಸ್ವರ ಎಲ್ಲಿ ಐತಿ ಅಂತ ತೋಳಿಗೇ ನೆನಪಿರಬೇಕು."

ಗಿರಣಿ ಮುಚ್ಚಿದ ವರ್ಷ
ಚಾಳಿನ ಹುಡುಗರು ಗಿಟಾರ್ ತಂದರು, ಯಾರದೋ ಮುರುಕು ಡ್ರಮ್ಮು.
ಅವರ ರಾಕ್ ಬ್ಯಾಂಡಿಗೆ ಹೆಸರು ಭೋಂಗಾ.
ಪಾಳಿ ಬದಲಿಗೆ ಕೂಗತಿತ್ತಲ್ಲ ಗಿರಣಿ ಸೀಟಿ, ಅದು.
ಗಿಟಾರಿನವರಿಗೆ ಹಂಗ ಕೂಗಾಕ ಬರಲಿಲ್ಲ.
ಇಂವ ತಳದಿಂದ ತುದಿಗೆ ಒಂದೇ ಉಸಿರಿಲೆ ಎಳದ.
ನಮ್ಮ ಓಣ್ಯಾಗ ಅಡ್ಡಾಗಿದ್ದ ಮುದುಕರು
ಎದ್ದು ಕೂತು ಚಪ್ಪಲಿ ಹುಡುಕಿದರು.

ಹಾಡೂ ಇವನೇ ಬರಿತಿದ್ದ.
ಕಾಗದಕ್ಕ ರೊಕ್ಕಿಲ್ಲ. ಚಾದರದ ಮಗ್ಗದ ರಟ್ಟು,
ಜಕಾರ್ಡಿನ ತೂತಿನ ಪಟ್ಟಿ, ರದ್ದ್ಯಾಗ ಕಿಲೋಗಟ್ಟಲೆ ಸಿಗತಿತ್ತು.
ತೂತು ಬಿಟ್ಟು ಉಳದ ಜಾಗಾದಾಗ ಅಕ್ಷರ,
ತೂತು ಬಂದಲ್ಲಿ ಉಸಿರು.
ಹಂಗಾಗಿ ಅವನ ಹಾಡಿನಾಗ ಮಾತು
ನಡುವ ನಡುವ ಹರದಂಗ ಇರತಾವ.
ಶಾಣ್ಯಾರು ಅದಕ್ಕ ಶೈಲಿ ಅಂದರು.
ಅದು ನವಿಲಿನ ಬಾಲದ ಡಿಸೈನು.

ಕನ್ನಡ ಯಾಕ, ಕೇಳೋರು ಮರಾಠಿ ಮಂದಿ,
ಅಂತ ಹಾಡುವ ಮಿಲಿಂದ ಜಗಳ ತಗದ.
"ನಮ್ಮವ್ವ ಬೀಡಿ ಕಟ್ಟತ ಬೈತಿದ್ದದ್ದು ಕನ್ನಡದಾಗ.
ಸಿಟ್ಟಿಗೆ ನನ್ನ ಹತ್ರ ಬ್ಯಾರೆ ಭಾಷಾ ಇಲ್ಲ."
ಪುಣೆದಾಗ ಬಾಟಲಿ ಒಗದರು. ವಹ್ಯಾಗ ಐತಿ ನೋಡ್ರಿ:
ಹೂವಿನ ಅಂಚು, ಅರವತ್ತು ರೂಪಾಯಿ, ಉದ್ರಿ.
ಮೂರನೇ ಹಾಡಿಗೆ ಅದೇ ಮಂದಿ ಕುಣದರಂತ.
ಅದು ಅಂವ ಹೇಳಿದ್ದು. ತಗ್ಗಷ್ಟ ನಾ ನೋಡಿದ್ದು.

ಒಂದು ಕ್ಯಾಸೆಟ್ ಬಂತು. ಕವರಿನ ಮ್ಯಾಲೆ ಮಿಲಿಂದನ ಮಾರಿ.
ಹಾಡು ಬರದವರು: ಜಿ. ಶಾಂತಾ.
ಮಿರಜದಿಂದ ಒಬ್ಬಾಂವ
ಶಾಂತಾಬಾಯಿಗೆ ಲಗ್ನದ ಮಾತು ಎತ್ತಿ ಪತ್ರ ಹಾಕಿದ.
ಓದಿ ಓದಿ ನಕ್ಕ. ಉತ್ತರಾನೂ ಬರದ, ಅಂತಾರ.

ಟೀವ್ಯಾಗ ಒಮ್ಮೆ ತೋರಿಸಿದರು, ಓಣಿಯೆಲ್ಲಾ ನಮ್ಮ ಅಂಗಡ್ಯಾಗ.
ಇಂವ ಚೌಕಟ್ಟಿನ ಹೊರಗ ನಿಂತಿದ್ದ.
ಬಲಗಡಿಂದ ಆಗಾಗ ಹಿತ್ತಾಳಿ ನಳಿಗಿ ಅಷ್ಟ
ಹೊಳದು ಒಳಗ ಬಂದು ಹೊರಗ ಹೋಗತಿತ್ತು.
ಅವರವ್ವ ಗಾಜು ಮುಟ್ಟಿ
ಬೆರಳು ಕಣ್ಣಿಗೆ ಒತ್ತಿಗೊಂಡಳು.

ಲಗ್ನಸರಾಯಿ ಬಂತಂದ್ರ ಮತ್ತ ಅಪ್ಪನ ಕೆಂಪು ಕೋಟು,
ಈಗ ಮೈಗೆ ಸರಿ ಕೂಡತಿತ್ತು.
ಕ್ಯಾಸೆಟ್ಟಿನ ರೊಕ್ಕಾ ಯಾರು ತಿಂದರೋ.
ನನ್ನ ಉದ್ರಿ ತೀರಿದ್ದೆಲ್ಲಾ
ಕುದರಿ ಮುಂದ ನಡದ ರೊಕ್ಕಾದಾಗ.

ಆಮ್ಯಾಲೆ ಸಕ್ರಿ ಬ್ಯಾನಿ. ಮುಂದಿನ ನಾಕು ಹಲ್ಲು ಬಿದ್ದವು.
ಊದಿದ್ರ ಗಾಳಿ ಅಷ್ಟ.
ಒಂದಿನ ತಂದು ಇಟ್ಟ: ಎಲ್ಲಾ ತಗ್ಗೂ ತಗಿ ಕಾಕಾ.
ಮಾರತಿಯೇನು?
ಘರಕುಲದಿಂದ ಒಂದು ಹುಡುಗಿ ಕಲಿಯಾಕ ಬರತಾಳ, ಅಂದ.
ನನ್ನ ತಗ್ಗಿನಾಗ ಆಕಿ ಎಡವಬಾರದು.

ಪೇಪರಿನವರು ಬರಕೊಳ್ಳಲಿಲ್ಲ ಇದನ್ನೆಲ್ಲಾ.
ಗ್ವಾಡಿಗೆ ತೂಗು ಹಾಕಿದ್ದ ಟ್ರಂಬೋನಿನ
ಫೋಟೋ ತಗೊಂಡು ಹೋದರು. ಅದು ಅವನದಲ್ಲ.
ಅವನದು ಇವತ್ತ ಜೋಡಬಸವಣ್ಣ ಚೌಕದ ಲಗ್ನದಾಗ
ಆ ಹುಡುಗಿ ಕೈಯಾಗ ಐತಿ.
ನಾಳಿ ಬರತೈತಿ ಇಲ್ಲಿಗೆ,
ಏನರೆ ಒಂದು ತಗ್ಗು ಇರತೈತಿ.