ಹದಿನೈದು ಅಂಕದ ಊರು

ಮಾನ್ಯರೇ,
ರೊಡೆಲ್ ಮಗ್‌ಬಾನುವಾ ನನ್ನ ಮನೆಯ ಹಿಂದಿನ ಕೋಣೆಯಲ್ಲಿ
ಎರಡು ವರ್ಷ ನಾಲ್ಕು ತಿಂಗಳಿಂದ ಬಾಡಿಗೆಗಿದ್ದಾನೆ.
ಬಾಡಿಗೆ ಚೀಟಿಗಳನ್ನು ಲಗತ್ತಿಸಿದೆ.
ಇಷ್ಟು ಬರೆದು ಸಹಿ ಹಾಕಿದರೆ ಸಾಕು ಅಂದಿದ್ದಾನೆ.

ಸಾಕು ಅನ್ನುವ ಹೆಂಗಸಲ್ಲ ನಾನು.
ಮೂವತ್ತೊಂದು ವರ್ಷ ಈ ಪೋರ್ಟ್ ಕೆಲ್ಸೋದ ಶಾಲೆ ಬಸ್ಸು ಓಡಿಸಿದವಳು,
ಊರಿನ ಮುಕ್ಕಾಲು ಪಾಲು ಜನರ ವಾಂತಿ ತೊಳೆದವಳು.

ನಿಮ್ಮ ರಾಜ್ಯ ಸರ್ಕಾರ ಅವನ ಬೆನ್ನಿಗೆ ನಿಂತರೆ
ಹದಿನೈದು ಅಂಕವಂತೆ.
ಅಡಿಲೇಡು ಸಿಡ್ನಿ ಬಿಟ್ಟು
ಈ ಉಪ್ಪುಗಾಳಿಯಲ್ಲಿ ಇರುತ್ತೇನೆ ಅಂದದ್ದಕ್ಕೆ ಅಂಕ!
ಪಬ್ಬಿನಲ್ಲಿ ಹೇಳಿದೆ. ಹುಡುಗರು ಬಿಯರು ನೆತ್ತಿಗೇರಿ ಕೆಮ್ಮಿದರು.
ಇಲ್ಲಿರುವುದು ಶಿಕ್ಷೆ ಅಂತಲೇ ತಿಳಿದಿದ್ದೆವು.

ಒಂದು ರಾತ್ರಿ ಅಡುಗೆಮೇಜಿನ ಮೇಲೆ
ನನ್ನ ಲೆಕ್ಕವನ್ನೂ ಹಾಕು ಅಂದೆ.
ವಯಸ್ಸು ಅರವತ್ತೆಂಟು: ನಲವತ್ತೈದಕ್ಕೇ ಬಾಗಿಲು ಮುಚ್ಚುತ್ತದೆ, ಬೆರಿಲ್.
ಬಸ್ಸು ಓಡಿಸುವುದು ಪಟ್ಟಿಯಲ್ಲಿಲ್ಲ.
ಇಂಗ್ಲಿಷು: ಪರೀಕ್ಷೆ ಬರೆದ ಕಾಗದ ಎಲ್ಲಿ?
ಮುತ್ತಜ್ಜನ ಕಾಲದಿಂದ ಆಡಿಕೊಂಡು ಬಂದ ಮಾತಿಗೆ ಸೊನ್ನೆ.
ಒಂಟಿಯಾಗಿರುವುದಕ್ಕೆ ಹತ್ತು.
ಬರ್ಟ್ ಸತ್ತ ಮೇಲೆ ಅವನಿಂದಾದ ಮೊದಲ ಲಾಭ.
ಒಟ್ಟು ಹತ್ತೇ ಹತ್ತು.
ನನ್ನ ಊರಿಗೇ ಐವತ್ತೈದು ಅಂಕ ಸಾಲದವಳು ನಾನು.
ಹೊಟ್ಟೆ ಹಿಡಿದುಕೊಂಡು ನಕ್ಕೆವು ಇಬ್ಬರೂ.

ಈ ಕಥೆ ಹೇಳಿದಾಗ ನಗದವಳು ಜೋಯ್ಲಿನ್ ಒಬ್ಬಳೇ.
ಅವಳ ಜನ ಈ ಕೊಲ್ಲಿಯ ಏಡಿ ಹಿಡಿಯುತ್ತಿದ್ದದ್ದು
ಹಡಗೆಂದರೆ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲದಿಂದ.
ನಿನ್ನ ಮುತ್ತಜ್ಜನಿಗೆ ಯಾರು ಅಂಕ ಕೊಟ್ಟರು, ಅಂತ ಕೇಳಿದಳು.
ನಾನು ಟೀಗೆ ನೀರಿಡಲು ಎದ್ದೆ.

ಕುಶಲ ಕೆಲಸಗಾರ ಅನ್ನುತ್ತದೆ ನಿಮ್ಮ ಅರ್ಜಿ.
ಹೌದು. ಜೆಟ್ಟಿಯ ಏಣಿ ಬೆಸೆದವನು ಅವನು.
ಆ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ,
ನೀಟಾಗಿ ಹೆಣೆದ ಜಡೆ.
ಒಂದು ರಾತ್ರಿ ವೆಲ್ಡಿಂಗ್ ಬೆಳಕು ತಾಗಿ
ಕಣ್ಣಿಗೆ ಮರಳು ಸುರಿದ ಹಾಗೆ ಒದ್ದಾಡುತ್ತಿದ್ದ.
ಆಲೂಗಡ್ಡೆ ಬಿಲ್ಲೆ ಹೆಚ್ಚಿ ರೆಪ್ಪೆಯ ಮೇಲಿಟ್ಟೆ.
ಬೆಳಗಿನ ತನಕ ಬಿಲ್ಲೆ ಬದಲಿಸಿದೆ.
ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಬೇಕು?

ಇಲ್ಲೇ ನೆಲೆಸುವ ಉದ್ದೇಶ ಇದೆಯೇ, ಅಂತ ಕೇಳಿದ್ದೀರಿ.
ಉದ್ದೇಶ ನನ್ನ ಕಣ್ಣಿಗೆ ಬಿದ್ದಿಲ್ಲ.
ಬಿದ್ದದ್ದು ಇಷ್ಟು:
ಕಸದ ಲಾರಿ ಮಂಗಳವಾರ ಬರುವುದೋ ಬುಧವಾರವೋ ಅಂತ
ಕೌನ್ಸಿಲ್ ಕಚೇರಿಗೆ ಮೂರು ಸಲ ಹೋಗಿ ಜಗಳ ಆಡಿದ್ದಾನೆ.
ಗಂಟುಮೂಟೆ ಕಟ್ಟುವವನಿಗೆ
ಊರಿನ ಕಸದ ಉಸಾಬರಿ ಯಾಕೆ?

ಮಾರ್ಚ್ ಹದಿನಾಲ್ಕಕ್ಕೆ ಅವನಿಗೆ ನಲವತ್ತು ತುಂಬುತ್ತದೆ.
ಆ ಮಧ್ಯರಾತ್ರಿ ಹತ್ತು ಅಂಕ ಉದುರುತ್ತವೆ,
ಹಿಂದಿನ ದಿನದ ಕೈಗಳೇ, ಹಿಂದಿನ ದಿನದ ಬೆಸುಗೆಯೇ ಆದರೂ.
ಇಲೊಯಿಲೊದಿಂದ ತಂಗಿ ಫೋನು ಮಾಡಿ
ಈ ಸಲ ಯಾವ ಕೇಕು ಅಂತ ಕೇಳಿದರೆ
ಈ ವರ್ಷ ನಾನು ಹುಟ್ಟುತ್ತಿಲ್ಲ ಅಂದುಬಿಟ್ಟ.
ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚಿನ ಹಾಳೆಗೆ
ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಫೆಬ್ರವರಿಯ ಹಿಂದೆ ಮುಚ್ಚಿದ್ದಾನೆ.

ನೀವು ಕರೆ ಕಳಿಸುವುದಾದರೆ ಹದಿಮೂರರೊಳಗೆ ಕಳಿಸಿ.
ನಿಮ್ಮ ಮೇಜಿನ ಮೇಲೆ ಇಂಥವು ಸಾವಿರ ಇರಬಹುದು,
ಒಂದೊಂದರ ಹಿಂದೆಯೂ ಬಾಯಿ ಜೋರಿನ ಒಬ್ಬ ಮುದುಕಿ ಇರಬಹುದು.
ಇರಲಿ.

ಇಂತಿ,
ಬೆರಿಲ್ ಟ್ರೆವೇನಾ.

ಮರೆತಿದ್ದೆ: ಕೇಕಿಗೆ ಹಿಟ್ಟು ಸಕ್ಕರೆ ತಂದಿಟ್ಟಿದ್ದೇನೆ.
ಅವು ಕೆಡುವುದಿಲ್ಲ.
ಮೊಟ್ಟೆ ಮಾತ್ರ
ಇನ್ನೂ ತಂದಿಲ್ಲ.